ಕೃತಿ ಇಡೋದಾ, ಇಳಾ ಇಡೋದಾ?

ಮಗಳಿಗೆ ಈ ಎರಡರಲ್ಲಿ ಒಂದು ಹೆಸರು ಇಡಬೇಕು ಅಂತಿದ್ದರೆ ಮೊದಲು ಎರಡನ್ನೂ ಅಂಗಳದಲ್ಲಿ ನಿಂತು ತೋಟಕ್ಕೆ ಕೇಳಿಸುವ ಹಾಗೆ ಕೂಗಿ ನೋಡಿ. ಕೃತಿ ನಮ್ಮ ತೀರ್ಥಹಳ್ಳಿ, ಸಾಗರದ ಕಡೆ ‘ಕ್ರುತಿ’ ಆಗುತ್ತದೆ. ಹಿಂದಿಯವರು ‘ಕ್ರಿತಿ’ ಅನ್ನುತ್ತಾರೆ. ಇಂಗ್ಲಿಷಿನಲ್ಲಿ ಯು ಹಾಕಿದರೆ ಒಂದು, ಐ ಹಾಕಿದರೆ ಇನ್ನೊಂದು. ಅದರ ಮೇಲೆ ‘ತಿ’ಗೆ ಬರೀ ಟಿ ಸಾಕಾ, ಟಿಎಚ್ ಬೇಕಾ ಅನ್ನುವ ತಲೆನೋವು ಬೇರೆ, ಯಾಕಂದರೆ ಟಿಎಚ್ ಕಂಡರೆ ನಾವು ‘ತ’ ಅಂತ ಓದುತ್ತೇವೆ, ಹಿಂದಿಯವರು ‘ಥ’ ಅಂತ ಓದುತ್ತಾರೆ. ಒಂದೇ ಹೆಸರಿಗೆ ನಾಲ್ಕು ಸ್ಪೆಲ್ಲಿಂಗ್ ಆಯ್ತು ಅಲ್ವಾ?

ಇಳಾಗೆ ಮೂರೇ ಅಕ್ಷರ: ಐ, ಎಲ್, ಎ. ಕಷ್ಟ ಇರುವುದು ‘ಳ’ದಲ್ಲಿ. ಮರಾಠಿ, ತಮಿಳಿನವರಿಗೆ ಅದು ಸಲೀಸು. ಹಿಂದಿಯವರ ಕಡೆ ಮಗು ಜಾಸ್ತಿ ‘ಇಲಾ’ ಅಂತಲೇ ಕರೆಸಿಕೊಳ್ಳುತ್ತದೆ.

ನನ್ನ ಮತ ಇಳಾಗೆ. ಕರೆಯುವುದು ಸ್ವಲ್ಪ ಬದಲಾದರೂ ಆಧಾರ್, ಶಾಲೆ ದಾಖಲೆ, ಪಾಸ್‌ಪೋರ್ಟ್ ಎಲ್ಲದರಲ್ಲೂ ಬರಹ ಒಂದೇ ಇರುತ್ತದೆ. ನಮ್ಮ ಊರಿನ ಇಂಗ್ಲಿಷ್ ಹೆಸರನ್ನೇ ನೋಡಿ, 2014ರ ನವೆಂಬರ್ 1ರಂದು ಶಿವಮೊಗ್ಗ ಅಂತ ಬದಲಾದರೂ ಶಿಮೊಗ ಅನ್ನುವವರು ಇನ್ನೂ ಇದ್ದಾರೆ. ಕೃತಿಯೇ ಇಷ್ಟ ಅಂದರೆ ಸುಮ್ನೆ ಹಿಂಜರಿಯಬೇಡಿ, ಆದರೆ ಸ್ಪೆಲ್ಲಿಂಗ್ ಮೊದಲೇ ಗಟ್ಟಿ ಮಾಡಿಕೊಳ್ಳಿ.

ಗಡಿಬಿಡಿಯೂ ಬೇಡ. ಜನನ ನೋಂದಣಿ 21 ದಿನದೊಳಗೆ ಮಾಡಿಸಿ. ಹೆಸರನ್ನು ಆಮೇಲೆ ಸೇರಿಸಬಹುದು, ವರ್ಷದೊಳಗಾದರೆ ಅದಕ್ಕೆ ಶುಲ್ಕವಿಲ್ಲ.