ಹಿತ್ತಿಲಲ್ಲಿ ಮಕ್ಕಳ ಆಟ: ಕೊಳ, ಕೆಸರು, ಕಡಲೆಕಾಯಿ, ಕರಿಬೇವು

ನಮ್ಮದು ಮಾವನವರ ಕಾಲದ ನಲವತ್ತು-ಅರವತ್ತರ ಸೈಟು. ಮನೆ ಹಿಂದೆ ಒಂದಿಷ್ಟು ಮಣ್ಣು ಉಳಿದಿದೆ. ಒಂದು ಸೀಬೆ ಮರ, ಒಂದು ನುಗ್ಗೆ, ಕಾಂಪೌಂಡಿನ ಪಕ್ಕ ಕರಿಬೇವು, ನಾಲ್ಕಾರು ಕುಂಡ. ಬೆಂಗಳೂರಲ್ಲಿ ಇಷ್ಟಿದ್ದರೆ ಅದನ್ನೇ ತೋಟ ಅನ್ನುತ್ತೇವೆ, ಅಲ್ವಾ? ಮಗಳಿಗೆ ಎಂಟು ವರ್ಷ, ಮಗನಿಗೆ ನಾಲ್ಕು. ಇಬ್ಬರನ್ನೂ ಟಿವಿ ಮುಂದಿನಿಂದ ಎಬ್ಬಿಸಲು ಏನೇನೋ ಮಾಡಿ ನೋಡಿದ್ದೇವೆ. ಯಾವುದು ಗೆದ್ದಿತು, ಯಾವುದು ಸೋತಿತು ಅಂತ ಹೇಳುತ್ತೇನೆ. ನನ್ನ ಅಳತೆ ಒಂದೇ: ಆಟ ಶುರುವಾದ ಮೇಲೆ "ಅಮ್ಮಾ..." ಅನ್ನುವ ಕೂಗು ಎಷ್ಟು ಹೊತ್ತಿಗೆ ಬಂತು?

ಮೊದಲಿಗೆ ಗಾಳಿ ತುಂಬಿಸುವ ರಬ್ಬರ್ ಕೊಳ. ಏಪ್ರಿಲ್ ಬಿಸಿಲಿಗೆ ಮಕ್ಕಳು ಅದನ್ನು ನೋಡಿ ಕುಣಿದಾಡುತ್ತಾರೆ, ಸುಳ್ಳಲ್ಲ. ಆದರೆ ಐದಡಿ ಅಗಲದ ಕೊಳಕ್ಕೆ ಒಂದಡಿ ನೀರು ಬಿಟ್ಟರೂ ಐನೂರು ಲೀಟರ್ ದಾಟುತ್ತದೆ. ಏಪ್ರಿಲ್‌ನಲ್ಲೇ ನಮ್ಮ ಸಂಪು ತಳ ಕಾಣುವುದು. 2024ರ ಮಾರ್ಚ್‌ನಲ್ಲಿ ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ, ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡಿದ್ದು ಊರಿಗೆಲ್ಲ ನೆನಪಿದೆ. ಅಂಥ ಬೇಸಿಗೆಯಲ್ಲಿ ಟ್ಯಾಂಕರ್ ನೀರು ತರಿಸಿ ಮಕ್ಕಳನ್ನು ಅದರಲ್ಲಿ ಕೂರಿಸಲು ಮನಸ್ಸು ಬರುವುದಿಲ್ಲ. ಇನ್ನೊಂದು, ಚಿಕ್ಕ ಮಗು ಗೇಣುದ್ದ ನೀರಿನಲ್ಲೂ ಮುಳುಗಬಹುದು. ಹಾಗಾಗಿ ದೊಡ್ಡವರೊಬ್ಬರು ಪಕ್ಕದಲ್ಲೇ ಕೂತಿರಬೇಕು, ಫೋನ್ ಕೂಡ ನೋಡುವ ಹಾಗಿಲ್ಲ. ಆಟ ಮುಗಿದ ಮೇಲೆ ನೀರು ಹಾಗೇ ಬಿಟ್ಟರೆ ವಾರ, ಹತ್ತು ದಿನದಲ್ಲಿ ಸೊಳ್ಳೆ ಮರಿಗಳು ರೆಕ್ಕೆ ಬಿಚ್ಚಿ ಹಾರುತ್ತವೆ. ಡೆಂಗಿ ಹರಡುವ ಸೊಳ್ಳೆಗೆ ಬೇಕಾಗಿರುವುದೇ ಇಂಥ ನಿಂತ ನೀರು.

ಅದರ ಎದುರಾಳಿ ಕೆಸರು. ಸೀಬೆ ಮರದ ಬುಡದಲ್ಲಿ ಒಂದು ಮೂಲೆ ಬಿಟ್ಟುಕೊಟ್ಟೆವು. ಕೈ ಮುರಿದ ಸೌಟು, ಸೊಟ್ಟಗಾದ ಇಡ್ಲಿ ತಟ್ಟೆ, ತಳ ಸುಟ್ಟ ಪಾತ್ರೆ, ಎರಡು ಚೊಂಬು ನೀರು. ಅಷ್ಟೇ ಖರ್ಚು. ನಮ್ಮ ಕೆಮ್ಮಣ್ಣು ಇದಕ್ಕೆ ಹೇಳಿ ಮಾಡಿಸಿದ್ದು. ಹದವಾಗಿ ಕಲಸಿದರೆ ಉಂಡೆ ನಿಲ್ಲುತ್ತದೆ, ಇಡ್ಲಿ ತಟ್ಟೆಯಿಂದ ಇಡಿಯಾಗಿ ಬೀಳುತ್ತದೆ. ಮಗಳು ಹೋಟೆಲ್ ಇಟ್ಟಳು. ಮಗ ಸಪ್ಲೈಯರ್. ಸೀಬೆ ಎಲೆಯೇ ದುಡ್ಡು. ಒಣಗಿದ ಎಲೆಯ ನೋಟು ನಡೆಯುವುದಿಲ್ಲವಂತೆ! ಒಂದು ಮಧ್ಯಾಹ್ನ ನಾನು ಅಡುಗೆ ಮುಗಿಸಿ, ಕಾಫಿ ಕುಡಿದು, ಬಟ್ಟೆ ಮಡಚಿಟ್ಟರೂ ಕೂಗು ಬರಲಿಲ್ಲ. ಬಂದದ್ದು ಅತ್ತೆಯ ಕೂಗು: "ಏನಮ್ಮಾ ಇದು, ಮಕ್ಕಳನ್ನ ಹಂದಿ ತರಹ ಬಿಟ್ಟಿದ್ದೀಯ?"

ಅತ್ತೆಯ ಮಾತಲ್ಲಿ ಅರ್ಥ ಇಲ್ಲದಿಲ್ಲ. ನಮ್ಮ ಹಿತ್ತಿಲಿಗೆ ಬೀದಿ ಬೆಕ್ಕುಗಳು ಬರುತ್ತವೆ. ಬೆಕ್ಕು ಗಲೀಜು ಮಾಡಿ ಮಣ್ಣು ಮುಚ್ಚಿ ಹೋಗಿರುತ್ತದೆ, ಮೇಲೆ ನೋಡಿದರೆ ಗೊತ್ತೇ ಆಗುವುದಿಲ್ಲ. ಅದಕ್ಕೇ ಆಟ ಇಲ್ಲದಾಗ ಆ ಮೂಲೆಗೆ ಹಳೇ ಟಾರ್ಪಾಲು ಹೊದಿಸಿ ಅಂಚಿಗೆ ಇಟ್ಟಿಗೆ ಇಡುತ್ತೇವೆ. ಒಳಗೆ ಬರುವ ಮುಂಚೆ ಹೊರಗಿನ ನಲ್ಲಿಯಲ್ಲೇ ಸೋಪು ಹಾಕಿ ಕೈ, ಉಗುರು ತೊಳೆಯಬೇಕು. ಧನುರ್ವಾಯು ಇಂಜೆಕ್ಷನ್ ಹೇಗೂ ಮಕ್ಕಳ ಲಸಿಕೆಯಲ್ಲೇ ಸೇರಿರುತ್ತದೆ, ಬಾಕಿ ಉಳಿದಿಲ್ಲ ತಾನೇ ಅಂತ ಕಾರ್ಡು ತೆಗೆದು ನೋಡಿಕೊಳ್ಳಿ. ಕೆಮ್ಮಣ್ಣಿನ ಕಲೆ ಮಾತ್ರ ಬಟ್ಟೆಯಿಂದ ಹೋಗುವುದಿಲ್ಲ. ಕೆಸರಾಟಕ್ಕೆ ಅಂತಲೇ ಒಂದು ಜೊತೆ ಹಳೇ ಬಟ್ಟೆ ಎತ್ತಿಟ್ಟರೆ ಆಯಿತು. ಇಷ್ಟೆಲ್ಲ ಇದ್ದರೂ ನನ್ನ ಮತ ಕೆಸರಿಗೇ. ಕೊಳಕ್ಕೆ ಇಳಿದ ಮಗುವಿಗೆ ನೀರು ಚಿಮ್ಮಿಸುವುದು ಬಿಟ್ಟು ಜಾಸ್ತಿ ಕೆಲಸ ಇರುವುದಿಲ್ಲ. ಕೆಸರಲ್ಲಿ ನಿನ್ನೆ ಹೋಟೆಲ್, ಇವತ್ತು ಅಣೆಕಟ್ಟು.

ಇನ್ನು ಬೀಜ ಬಿತ್ತುವ ಆಟ. ಮಕ್ಕಳಿಗೆ ಮೆಂತ್ಯ ಕೊಡಿ ಅಂತ ಎಲ್ಲರೂ ಹೇಳುತ್ತಾರೆ. ಸರಿಯೇ. ಅಡುಗೆಮನೆ ಡಬ್ಬದ ಮೆಂತ್ಯವೇ ಸಾಕು, ಮೂರು-ನಾಲ್ಕು ದಿನಕ್ಕೆ ಮೊಳಕೆ ಕಾಣುತ್ತದೆ, ತಿಂಗಳೊಳಗೆ ಸೊಪ್ಪು ಕೀಳಬಹುದು. ಆದರೆ ಮೊಳಕೆ ಕಂಡ ದಿನದ ಸಂಭ್ರಮ ಮುಗಿದ ಮೇಲೆ ನಮ್ಮ ಮಕ್ಕಳು ಆ ಕುಂಡದ ಕಡೆ ತಿರುಗಿಯೂ ನೋಡಲಿಲ್ಲ. ನೀರು ಹಾಕಿದ್ದು ನಾನು. ಸೊಪ್ಪನ್ನು ಸಾರಿಗೆ ಹಾಕಿದರೆ ಕಹಿ ಅಂತ ತಟ್ಟೆ ಅಂಚಿಗೆ ತಳ್ಳಿದ್ದು ಅವರು.

ಕಡಲೆಕಾಯಿ ಹಾಗಲ್ಲ. ಕಾರ್ತಿಕದ ಕೊನೆ ಸೋಮವಾರ ಬಸವನಗುಡಿ ಪರಿಷೆಯಿಂದ ತಂದ ಹಸಿ ಕಾಯಲ್ಲಿ ಬಲಿತವನ್ನು ಒಣಗಿಸಿ ಎತ್ತಿಟ್ಟು, ಚಳಿ ಇಳಿದ ಮೇಲೆ ಸಿಪ್ಪೆ ಬಿಡಿಸಿ ಒಂದು ಅಗಲದ ಕುಂಡಕ್ಕೆ ಹಾಕಿದೆವು. ಹುರಿದ ಬೀಜ ಹುಟ್ಟುವುದಿಲ್ಲ, ಮಗ ಅದನ್ನೂ ಒಂದು ಹೂತು ನೋಡಿದ್ದಾನೆ. ಇದರ ತಮಾಷೆ ಇರುವುದು ಹೂವು ಬಿಟ್ಟ ಮೇಲೆ. ಪುಟ್ಟ ಹಳದಿ ಹೂವು ಬಾಡುತ್ತದೆ, ಅದರ ಬುಡದಿಂದ ಒಂದು ಕಡ್ಡಿ ಹೊರಟು ಕೆಳಗೆ ಬಾಗಿ ಮಣ್ಣೊಳಗೆ ಇಳಿಯುತ್ತದೆ, ಅದರ ತುದಿಯಲ್ಲಿ ಕಾಯಿ ಕಟ್ಟುತ್ತದೆ. ಹೂವು ಮೇಲೆ, ಕಾಯಿ ನೆಲದೊಳಗೆ! ಮಗಳು ದಿನಾ ಬಗ್ಗಿ ಕಡ್ಡಿ ಎಲ್ಲಿಗೆ ಬಂತು ಅಂತ ನೋಡುತ್ತಿದ್ದಳು. ಕೀಳುವ ದಿನವಂತೂ ನಿಧಿ ತೆಗೆಯುವ ಸಡಗರ. ತೊಂದರೆ ಎರಡು. ಸುಮಾರು ನಾಲ್ಕು ತಿಂಗಳು ಕಾಯಬೇಕು, ನಾಲ್ಕು ವರ್ಷದವನಿಗೆ ಅದು ಒಂದು ಯುಗ. ಜೊತೆಗೆ ಅಳಿಲು, ಹೆಗ್ಗಣದ ಕಾಟ. ಕುಂಡದ ಮೇಲೆ ಕಂಬಿ ಬಲೆ ಹಾಕದಿದ್ದರೆ ಬೀಜ ಒಂದೇ ರಾತ್ರಿಗೆ ಖಾಲಿ.

ಇವೆರಡನ್ನೂ ಸೋಲಿಸಿದ್ದು ನಾವು ಬಿತ್ತದೇ ಬಂದ ಹುಳು. ಕರಿಬೇವಿನ ಎಲೆ ಮೇಲೆ ಹಕ್ಕಿ ಹಿಕ್ಕೆಯ ಹಾಗೆ ಕಾಣುವ ಏನೋ ಕೂತಿತ್ತು, ಮಗಳು ಕಡ್ಡಿಯಲ್ಲಿ ಮುಟ್ಟಿದರೆ ಅಲ್ಲಾಡಿತು. ಕರಿಬೇವು, ನಿಂಬೆ ಗಿಡಗಳಲ್ಲಿ ಮೊಟ್ಟೆ ಇಡುವ ಕಪ್ಪು ಚಿಟ್ಟೆಯ ಮರಿ ಅದು. ಬೆಳೆಯುತ್ತಾ ಹಚ್ಚ ಹಸಿರಾಗುತ್ತದೆ. ಆಗ ಕೆಣಕಿದರೆ ತಲೆ ಹಿಂದಿನಿಂದ ಕೆಂಪು ಕವಲು ಕೊಂಬು ಚಾಚುತ್ತದೆ, ಜೊತೆಗೆ ಗಾಟು ವಾಸನೆ. ಮಗ ಇದನ್ನು ಬೀದಿಯ ಮಕ್ಕಳಿಗೆಲ್ಲ ಕರೆದು ತೋರಿಸಿದ. ಆಮೇಲೆ ಕೊಂಬೆಗೆ ತನ್ನನ್ನೇ ದಾರದಲ್ಲಿ ಕಟ್ಟಿಕೊಂಡು ಕೋಶವಾಗುತ್ತದೆ. ಮೊಟ್ಟೆಯಿಂದ ಚಿಟ್ಟೆಯವರೆಗೆ ಹೆಚ್ಚುಕಮ್ಮಿ ಒಂದು ತಿಂಗಳು. ದಿನಾ ಏನೋ ಒಂದು ಬದಲಾಗಿರುತ್ತದೆ, ಹಾಗಾಗಿ ಸ್ಕೂಲಿಂದ ಬಂದವರು ಚೀಲ ಎಸೆದು ನೇರ ಹಿತ್ತಿಲಿಗೇ ಓಡುತ್ತಾರೆ. ಬನ್ನೇರುಘಟ್ಟದ ಚಿಟ್ಟೆ ಪಾರ್ಕಿಗೂ ಕರೆದುಕೊಂಡು ಹೋಗಿದ್ದೇವೆ, ಚೆನ್ನಾಗಿಯೇ ಇದೆ. ಆದರೆ ಅಲ್ಲಿ ಹಾರುವ ಚಿಟ್ಟೆ ಯಾರದೋ, ಇದು ನಮ್ಮದು.

ನಷ್ಟವೂ ಇದೆ. ಒಂದು ಹುಳು ಎಷ್ಟು ಎಲೆ ತಿನ್ನುತ್ತದೆ ಅಂತೀರಿ! ಗಿಡ ಚಿಕ್ಕದಿದ್ದರೆ ಒಗ್ಗರಣೆಗೆ ಎಲೆ ಅಂಗಡಿಯಿಂದಲೇ ಬರಬೇಕು. ಔಷಧಿ ಹೊಡೆಯುವ ಹಾಗೂ ಇಲ್ಲ. ಕೆಲವು ಹುಳುಗಳನ್ನು ಪಿಕಳಾರ ಹಕ್ಕಿ ಎತ್ತಿಕೊಂಡು ಹೋಯಿತು. ಒಂದು ಕೋಶದಿಂದ ಚಿಟ್ಟೆ ಬರಲೇ ಇಲ್ಲ, ಸಣ್ಣ ಕಣಜಗಳು ಹೊರಬಂದವು. ಮಗ ಅತ್ತ. ಮಗಳು ಮಾತ್ರ ಕಣಜ ಒಳಗೆ ಹೇಗೆ ಹೋಯಿತು ಅಂತ ತಲೆ ತಿಂದಳು. ಮೈಮೇಲೆ ರೋಮ ಇರುವ ಕಂಬಳಿಹುಳ ಬೇರೆ, ಅದನ್ನು ಮುಟ್ಟಬಾರದು ಅಂತ ಮೊದಲೇ ಹೇಳಿಕೊಟ್ಟಿರಿ. ನುಗ್ಗೆ ಮರದಲ್ಲಿ ಅದರ ಹಿಂಡೇ ಇರುತ್ತದೆ.

ಜೋಕಾಲಿ, ಕುಂಟೆಬಿಲ್ಲೆ, ಲಗೋರಿ ಬಗ್ಗೆ ಹೆಚ್ಚು ಹೇಳುವುದಿಲ್ಲ. ಜೋಕಾಲಿಯನ್ನು ನುಗ್ಗೆಗೆ ಮಾತ್ರ ಕಟ್ಟಬೇಡಿ, ಆ ಕೊಂಬೆ ಪಟಕ್ಕನೆ ಮುರಿಯುತ್ತದೆ. ಸೀಬೆ ಗಟ್ಟಿ. ಮೊದಲು ಮನೆಯ ದಪ್ಪನೆಯವರು ಕೂತು ನೋಡಲಿ. ಒಂದೇ ಜೋಕಾಲಿಗೆ ಇಬ್ಬರು ಮಕ್ಕಳಾದರೆ "ಅಮ್ಮಾ" ಐದು ನಿಮಿಷಕ್ಕೇ ಬರುತ್ತದೆ. ಕುಂಟೆಬಿಲ್ಲೆಗೆ ಚಪ್ಪಡಿ ಮೇಲೆ ಇದ್ದಿಲು ಗೆರೆ ಸಾಕು, ಮಗಳಿಗೆ ಬಹಳ ಇಷ್ಟ, ಮಗನಿಗೆ ಇನ್ನೂ ಒಂಟಿಕಾಲು ನಿಲ್ಲುವುದಿಲ್ಲ. ಲಗೋರಿಗೆ ಹಿತ್ತಿಲು ಸಾಲದು. ನಮ್ಮನೆ ತುಳಸಿ ಕುಂಡ ಹೋದದ್ದು ಅದರಲ್ಲೇ.

ಫ್ಲಾಟಿನವರು ಏನು ಮಾಡಬೇಕು ಅಂತ ತಂಗಿ ಕೇಳಿದಳು. ಬಿಸಿಲು ಬೀಳುವ ಬಾಲ್ಕನಿಯಲ್ಲಿ ಒಂದು ಕರಿಬೇವಿನ ಕುಂಡ ಇಡು ಅಂದೆ. ಅವಳ ಮೂರನೇ ಮಹಡಿಗೂ ಚಿಟ್ಟೆ ಬಂದು ಮೊಟ್ಟೆ ಇಟ್ಟಿದೆ. ಕೆಸರಾಟವನ್ನೂ ಅಗಲದ ಪ್ಲಾಸ್ಟಿಕ್ ಟಬ್ಬಿನಲ್ಲಿ ಆಡಿಸಬಹುದು, ಕೆಳಗಿನ ಮನೆಯವರು ಬಟ್ಟೆ ಒಣಹಾಕಿಲ್ಲ ತಾನೇ ಅಂತ ಬಗ್ಗಿ ನೋಡಿಕೊಂಡು.