ಬೇಳೆ ಗಿರಣಿಯ ವರ್ಮ್ ಗೇರ್‌ಬಾಕ್ಸ್‌ಗೆ ಹರಳೆಣ್ಣೆ ಮೂಲದ ಗೇರ್ ಆಯಿಲ್: ದೀರ್ಘ ಬಳಕೆಯ ನಂತರದ ವಿಮರ್ಶೆ

ಕಲಬುರಗಿಯ ನಮ್ಮ ತೊಗರಿ ಬೇಳೆ ಗಿರಣಿಯಲ್ಲಿ ಎಲಿವೇಟರ್ ಮತ್ತು ಸ್ಕ್ರೂ ಕನ್ವೇಯರ್‌ಗಳ ವರ್ಮ್ ಗೇರ್‌ಬಾಕ್ಸ್‌ಗಳಿಗೆ (ಉಕ್ಕಿನ ಸ್ಕ್ರೂ ಕಂಚಿನ ಹಲ್ಲುಚಕ್ರವನ್ನು ತಿರುಗಿಸುವ ಪೆಟ್ಟಿಗೆಗಳಿಗೆ) ಕಳೆದ ಕೆಲವು ಹಂಗಾಮುಗಳಿಂದ ಐಎಸ್‌ಒ ವಿಜಿ 320 ಎಂಬ ಸ್ನಿಗ್ಧತೆಯ (ಮಂದತನದ) ದರ್ಜೆಯ, ಹರಳೆಣ್ಣೆ ಮೂಲದ ಗೇರ್ ಆಯಿಲ್ ಬಳಸುತ್ತಿದ್ದೇವೆ. ಎತ್ತಿನ ಗಾಡಿಯ ಅಚ್ಚಿಗೆ ಹಿಂದಿನವರು ಇದೇ ಎಣ್ಣೆ ಹಾಕುತ್ತಿದ್ದರಲ್ಲ ಎಂದು ನಮ್ಮ ಹಿರಿಯ ಫಿಟ್ಟರ್ ಹೇಳುತ್ತಾರೆ. ಆದರೆ ಗಾಡಿಯ ಅಚ್ಚು ಎಣ್ಣೆಯನ್ನು ಅಷ್ಟಾಗಿ ಕಾಯಿಸುವುದಿಲ್ಲ. ವರ್ಮ್ ಗೇರಿನಲ್ಲಿ ಹಲ್ಲುಗಳು ಒಂದರ ಮೇಲೊಂದು ಜಾರುತ್ತಲೇ ಇರುವುದರಿಂದ ಎಣ್ಣೆ ಇಡೀ ದಿನ ಬಿಸಿಯಲ್ಲೇ ಇರುತ್ತದೆ, ಅದರ ಮೇಲೆ ನಮ್ಮ ಏಪ್ರಿಲ್-ಮೇ ತಿಂಗಳ ಬಿಸಿಲು ಬೇರೆ. ಹೀಗಾಗಿ ಈ ಎಣ್ಣೆಯ ಯೋಗ್ಯತೆ ನಿಂತಿರುವುದು ಅದರಲ್ಲಿ ಬೆರೆಸಿದ ಅಡಿಟಿವ್‌ಗಳ, ಅಂದರೆ ರಕ್ಷಕ ರಾಸಾಯನಿಕಗಳ ಮೇಲೆ.

ಸಸ್ಯಜನ್ಯ ಎಣ್ಣೆ ಗಾಳಿ ತಾಗಿ ಹಾಳಾಗುವ ವೇಗ ಅದರ ಕೊಬ್ಬಿನಾಮ್ಲವನ್ನು ಅವಲಂಬಿಸಿದೆ. ಕುಸುಬೆ ಎಣ್ಣೆಯಲ್ಲಿ ಸುಮಾರು ಮುಕ್ಕಾಲು ಪಾಲು ಇರುವ ಲಿನೋಲಿಕ್ ಆಮ್ಲಕ್ಕೆ ಎರಡು ದ್ವಿಬಂಧಗಳಿದ್ದು (ಇಂಗಾಲದ ಪರಮಾಣುಗಳ ನಡುವಿನ ಜೋಡಿ ಬಂಧಗಳು), ಅವುಗಳ ನಡುವಿನ ಇಂಗಾಲದಿಂದ ಜಲಜನಕ ಸುಲಭವಾಗಿ ಕಳಚಿಕೊಂಡು ಅಲ್ಲಿಗೆ ಗಾಳಿಯ ಆಮ್ಲಜನಕ ಸೇರುತ್ತದೆ. ಬಾಣಲೆಯ ಹೊರಮೈಗೆ ಹತ್ತಿದ ಕುಸುಬೆ ಎಣ್ಣೆ ಅಂಟಾಗಿ ಕೂರುವುದು ಇದೇ ಕಾರಣಕ್ಕೆ. ಹರಳೆಣ್ಣೆಯ ಹೆಚ್ಚುಕಡಿಮೆ ಶೇಕಡಾ 85ರಿಂದ 90ರಷ್ಟು ಭಾಗ ರಿಸಿನೋಲಿಕ್ ಆಮ್ಲ, ಅದಕ್ಕಿರುವುದು ಒಂದೇ ದ್ವಿಬಂಧ. ಆದ್ದರಿಂದ ಅದು ತಡವಾಗಿ ಕೆಡುತ್ತದೆ, ಆದರೆ ಕೆಡದೆ ಉಳಿಯುವುದಿಲ್ಲ. ಶಾಖ 10 ಡಿಗ್ರಿ ಏರಿದರೆ ಆಕ್ಸಿಡೀಕರಣದ, ಅಂದರೆ ಗಾಳಿ ತಾಗಿ ಕೆಡುವುದರ, ವೇಗ ಸುಮಾರು ಇಮ್ಮಡಿಯಾಗುತ್ತದೆ ಎಂಬ ಲೆಕ್ಕ ಇಲ್ಲಿಗೂ ಅನ್ವಯಿಸುತ್ತದೆ.

ತಯಾರಕರು ಬಿಎಚ್‌ಟಿಯಂಥ ಫೀನಾಲ್ ಜಾತಿಯ ಮತ್ತು ಅಮೈನ್ ಜಾತಿಯ ಆಂಟಿಆಕ್ಸಿಡಂಟ್‌ಗಳನ್ನು (ಆಕ್ಸಿಡೀಕರಣ ತಡೆಯುವ ರಾಸಾಯನಿಕಗಳನ್ನು) ಜೋಡಿಯಾಗಿ ಹಾಕಿದ್ದಾರೆ; ಅಮೈನ್ ಮೊದಲು ಖರ್ಚಾದಂತೆ ಫೀನಾಲ್ ಅದನ್ನು ಮರಳಿ ಸಜ್ಜುಗೊಳಿಸುವುದರಿಂದ ಜೋಡಿ ಹೆಚ್ಚು ಕಾಲ ಬಾಳುತ್ತದೆ. ಸವೆತ ತಡೆಯಲು ಸತು-ರಂಜಕ-ಗಂಧಕದ ಸಂಯುಕ್ತವಾದ ಜಡ್‌ಡಿಡಿಪಿ ಇದೆ. ಅಂಗಡಿಯ ಹರಳೆಣ್ಣೆಗೆ ಪೇಟೆಯ ಅಡಿಟಿವ್ ಸುರಿದರೆ ಅಗ್ಗವಾಗದೇ ಎಂದು ಕೇಳುವವರಿದ್ದಾರೆ. ಹರಳೆಣ್ಣೆ ತಾನೇ ಲೋಹವನ್ನು ಹಿಡಿದುಕೊಳ್ಳುವ ಧ್ರುವೀಯ ಎಣ್ಣೆಯಾದ್ದರಿಂದ ಅಡಿಟಿವ್‌ಗೆ ಲೋಹದ ಮೇಲೆ ಸುಲಭವಾಗಿ ಜಾಗ ಬಿಟ್ಟುಕೊಡುವುದಿಲ್ಲ. ಖನಿಜ (ಪೆಟ್ರೋಲಿಯಂ) ಎಣ್ಣೆಗೆ ಹಾಕುವ ಅಡಿಟಿವ್‌ನ ಪ್ರಮಾಣ ಇಲ್ಲಿ ನಡೆಯದು.

ನನಗೆ ಹೆಚ್ಚು ಮೆಚ್ಚುಗೆಯಾದದ್ದು ಕಂಚಿನ ಚಕ್ರದ ರಕ್ಷಣೆ. ಕಂಚಿನ ತಾಮ್ರ ಎಣ್ಣೆಯನ್ನು ಬೇಗ ಕೆಡಿಸುತ್ತದೆ, ಕೆಟ್ಟ ಎಣ್ಣೆಯ ಆಮ್ಲ ಮತ್ತೆ ಕಂಚನ್ನು ತಿನ್ನುತ್ತದೆ. ಟ್ರಯಜೋಲ್ ಜಾತಿಯ ಅಡಿಟಿವ್ ತಾಮ್ರದ ಮೇಲೆ ಪೊರೆ ಕಟ್ಟಿ ಇದನ್ನು ತಡೆಯುತ್ತದೆ. ಕಂಚು ಅಯಸ್ಕಾಂತಕ್ಕೆ ಅಂಟದ ಕಾರಣ ಎಣ್ಣೆ ಇಳಿಸುವ, ಅಯಸ್ಕಾಂತವಿರುವ ಡ್ರೇನ್ ಪ್ಲಗ್ ಸ್ವಚ್ಛವಾಗಿದ್ದ ಮಾತ್ರಕ್ಕೆ ಸವೆತವಿಲ್ಲವೆಂದು ತಿಳಿಯಬಾರದು. ಇಳಿಸಿದ ಎಣ್ಣೆಯನ್ನು ಬಿಳಿ ತಟ್ಟೆಯಲ್ಲಿ ತೆಳ್ಳಗೆ ಹರಡಿ ಬಿಸಿಲಿಗೆ ಹಿಡಿದರೆ ಹೊಂಬಣ್ಣದ ಪುಡಿ ಮಿನುಗುತ್ತದೆ. ಹಿಂದಿನ ಎಣ್ಣೆಯಲ್ಲಿ ಅದು ಎದ್ದು ಕಾಣುತ್ತಿತ್ತು. ಈಗ ಹುಡುಕಿ ನೋಡಬೇಕು. ಹಲ್ಲುಗಳ ಮೈಯೂ ನುಣುಪಾಗಿದೆ, ಕಪ್ಪಾಗಿಲ್ಲ.

ಆಕ್ಸಿಡೀಕರಣದ ವಿಷಯದಲ್ಲಿ ಇಷ್ಟು ಸಮಾಧಾನವಿಲ್ಲ. ಬೇಸಿಗೆ ಮುಗಿಯುವ ಹೊತ್ತಿಗೆ ಎಣ್ಣೆ ಗಟ್ಟಿಯಾಗಿ, ಗಾಳಿಯಾಡಲು ಇರುವ ಬ್ರೀದರ್ ಪ್ಲಗ್‌ನ ಸುತ್ತ ಬೇಳೆಯ ಧೂಳಿನೊಂದಿಗೆ ಕಂದು ಅಂಟು ಕಟ್ಟುತ್ತದೆ. ಡಬ್ಬಿಯ ಮೇಲೆ ಬರೆದ ಅವಧಿ ನಮ್ಮ ಬೇಸಿಗೆಗೆ ಹೊಂದುವುದಿಲ್ಲವಾದ್ದರಿಂದ ಅದರ ಅರ್ಧಕ್ಕೇ ಬದಲಿಸುತ್ತೇವೆ. ಮಾಹಿತಿ ಪತ್ರದಲ್ಲಿ ಫೋರ್-ಬಾಲ್ ಪರೀಕ್ಷೆಯ ಫಲಿತಾಂಶವನ್ನು ದೊಡ್ಡದಾಗಿ ಮುದ್ರಿಸಿದ್ದಾರೆ. ಅದು 75 ಡಿಗ್ರಿಯಲ್ಲಿ ಒಂದು ಗಂಟೆ ಉಕ್ಕಿನ ಗುಂಡುಗಳನ್ನು ಉಕ್ಕಿನ ಮೇಲೆಯೇ ಉಜ್ಜುವ ಪರೀಕ್ಷೆ; ಉಕ್ಕು ಕಂಚಿನ ಮೇಲೆ ಜಾರುವ ನಮ್ಮ ಗೇರ್‌ಬಾಕ್ಸ್‌ಗೆ ಅದರಿಂದ ತಿಳಿಯುವುದು ಕಡಿಮೆ. ನಮಗೆ ಬೇಕಾದ ಆಕ್ಸಿಡೀಕರಣ ಪರೀಕ್ಷೆಯ ನಿಮಿಷಗಳನ್ನು (ಎಣ್ಣೆ ಎಷ್ಟು ಹೊತ್ತು ಕೆಡದೆ ತಡೆಯಿತೆಂಬ ಲೆಕ್ಕವನ್ನು) ಕೇಳಿದರೂ ಸರಬರಾಜುದಾರರು ಕೊಡಲಿಲ್ಲ.

ಹರಳೆಣ್ಣೆ ಖನಿಜ ಎಣ್ಣೆಯೊಂದಿಗೆ ಸರಿಯಾಗಿ ಬೆರೆಯುವುದಿಲ್ಲ. ಹಳೆಯದನ್ನು ಪೂರ್ತಿ ಇಳಿಸಿ ತೊಳೆದ ಮೇಲೆಯೇ ಇದನ್ನು ತುಂಬಬೇಕು. ಮೂಲ ಹರಳೆಣ್ಣೆಯೆಂದು ಆಹಾರದ ಮೇಲೆ ತೊಟ್ಟಿಕ್ಕಿದರೆ ನಡೆಯುತ್ತದೆಂದೂ ಭಾವಿಸಬಾರದು, ಏಕೆಂದರೆ ಜಡ್‌ಡಿಡಿಪಿ ಆಹಾರ ದರ್ಜೆಯದಲ್ಲ. ಬೇಳೆಯ ನೇರ ಮೇಲಿರುವ ಎಲಿವೇಟರ್ ತಲೆಯ ಗೇರ್‌ಬಾಕ್ಸ್‌ಗೆ ನಾವು ಆಹಾರ ದರ್ಜೆಯ ಬೇರೆ ಎಣ್ಣೆಯನ್ನೇ ಹಾಕುತ್ತೇವೆ, ಕೆಳಗಿನವುಗಳಿಗೆ ಮಾತ್ರ ಇದನ್ನು ಮುಂದುವರಿಸಿದ್ದೇವೆ.