ಫೋನ್ ಬಿಸಿಯಾದರೆ ಚಾರ್ಜರನ್ನೂ ಕೇಳುವ ಅಂಗಡಿ, ತುಮಕೂರು

ತುಮಕೂರಿನಲ್ಲಿ ಮೊಬೈಲ್ ರಿಪೇರಿ ಅಂಗಡಿಗಳಿಗೇನೂ ಬರ ಇಲ್ಲ. ಆದರೆ ಫೋನ್ ಬಿಸಿಯಾಗುತ್ತೆ ಅಂತ ಹೋದರೆ ಹೆಚ್ಚಿನವರು ನೋಡುವುದು ಬ್ಯಾಟರಿ ಒಂದನ್ನೇ. ಎಂ.ಜಿ. ರಸ್ತೆಯ ಅಡ್ಡರಸ್ತೆಯಲ್ಲಿರುವ ಈ ಪುಟ್ಟ ಅಂಗಡಿಯಲ್ಲಿ ಅಪ್ಪನನ್ನು ಮೊದಲು ಕೇಳಿದ್ದೇ "ಯಜಮಾನ್ರೇ, ಚಾರ್ಜರ್ ತಂದಿದ್ದೀರಾ?" ಅಂತ. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಫೋನಿನ ಹಿಂದಿನ ಮುಚ್ಚಳ ಒಂದು ಕಡೆ ಎದ್ದಿತ್ತು. ಸಂದಿಯಲ್ಲಿ ಉಗುರು ತೂರುತ್ತಿತ್ತು. ರಿಪೇರಿ ಮಾಡುವ ಹುಡುಗ ಅದನ್ನು ಚಾರ್ಜಿಗೆ ಹಾಕಿ ನೋಡಲೇ ಇಲ್ಲ, ಸ್ವಿಚ್ ಆಫ್ ಮಾಡಿ ಪಕ್ಕಕ್ಕಿಟ್ಟ. ಸರಿಯಾದ ಕೆಲಸ. ಉಬ್ಬಿದೆ ಅಂದರೆ ಬ್ಯಾಟರಿಯೊಳಗೆ ಗ್ಯಾಸ್ ತುಂಬಿಕೊಂಡಿದೆ ಅಂತ ಅರ್ಥ. "ಇನ್ನೊಂದು ತಿಂಗಳು ನಡೆಯುತ್ತೆ ಬಿಡಿ" ಅಂದು ಕಳಿಸುವವರನ್ನೂ ನೋಡಿದ್ದೇನೆ, ಸಿಟ್ಟು ಬರುತ್ತೆ.

ಬ್ಯಾಟರಿ ತೆಗೆದ ರೀತಿ ನೋಡಬೇಕಿತ್ತು. ಮುಚ್ಚಳವನ್ನು ಹದವಾಗಿ ಬೆಚ್ಚಗೆ ಮಾಡಿ, ಅಂಟು ಮೆತ್ತಗಾಗುವವರೆಗೆ ಕಾದು, ತೆಳು ಪ್ಲಾಸ್ಟಿಕ್ ಕಾರ್ಡ್ ತೂರಿಸಿ ಸ್ವಲ್ಪ ಸ್ವಲ್ಪವೇ ಬಿಡಿಸಿದ. ಸ್ಕ್ರೂಡ್ರೈವರ್ ಹಾಕಿ ಮೀಟಲಿಲ್ಲ. ಲಿಥಿಯಂ ಬ್ಯಾಟರಿಯಲ್ಲಿ ಪ್ಲಸ್ ಪದರಕ್ಕೂ ಮೈನಸ್ ಪದರಕ್ಕೂ ನಡುವೆ ಕಾಗದಕ್ಕಿಂತ ತೆಳ್ಳಗಿನ ಒಂದು ಪ್ಲಾಸ್ಟಿಕ್ ಹಾಳೆ ಇರುತ್ತೆ, ಅದು ಹರಿದರೆ ಒಳಗೇ ಶಾರ್ಟ್ ಆಗಿ, ಆ ಬಿಸಿಗೆ ಇನ್ನಷ್ಟು ಬಿಸಿ ಹುಟ್ಟಿ, ಕೊನೆಗೆ ಬೆಂಕಿವರೆಗೆ ಹೋಗಬಹುದು. ಸ್ಯಾಮ್‌ಸಂಗ್ ಗ್ಯಾಲಕ್ಸಿ ನೋಟ್ 7 ನೆನಪಿದೆಯಲ್ವಾ? 2016ರ ಆಗಸ್ಟ್‌ನಲ್ಲಿ ಬಂದ ಫೋನು, ಬ್ಯಾಟರಿಗೆ ಬೆಂಕಿ ಹತ್ತುತ್ತಿದ್ದರಿಂದ ಅಕ್ಟೋಬರ್‌ಗೆ ತಯಾರಿಕೆಯೇ ನಿಂತಿತು. ಮೊದಲ ಬ್ಯಾಟರಿಗಳಲ್ಲಿ ಮೂಲೆಯ ಹತ್ತಿರ ಒಳಪದರ ಬಾಗಿತ್ತು, ಬದಲಿಗೆ ಬಂದವುಗಳಲ್ಲಿ ವೆಲ್ಡಿಂಗ್‌ನ ಚೂಪು ಉಳಿದಿತ್ತು ಅಂತ 2017ರ ಜನವರಿಯಲ್ಲಿ ಕಂಪನಿಯೇ ಹೇಳಿತು. ಅಂಥ ಕಂಪನಿಗೇ ಹೀಗಾದ ಮೇಲೆ, ಹೆಸರಿಲ್ಲದ ಡೂಪ್ಲಿಕೇಟ್ ಬ್ಯಾಟರಿಯನ್ನು ನಂಬುವುದು ಹೇಗೆ? ಇವರು ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು ಮತ್ತು ಅದರ ಕೆಳಗಿನ, ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ನಂಬರ್ ತೋರಿಸಿಯೇ ಹೊಸದನ್ನು ಹಾಕಿದರು.

ಇನ್ನು ಚಾರ್ಜರ್. ಬಸ್ ಸ್ಟ್ಯಾಂಡ್ ಹತ್ತಿರ ಕೊಂಡ ಲೋಕಲ್ ಮಾಲು. ಅದಕ್ಕೆ ವೋಲ್ಟ್ ಎಷ್ಟು ಬರುತ್ತಿದೆ ಅಂತ ತೋರಿಸುವ ಬೆರಳುದ್ದದ ಯುಎಸ್‌ಬಿ ಮೀಟರ್ ಸಿಕ್ಕಿಸಿ, ಅಂಗಡಿಯ ಇನ್ನೊಂದು ಫೋನ್ ಹಾಕಿ ತೋರಿಸಿದರು. 5 ವೋಲ್ಟ್ ಆಸುಪಾಸು ನಿಲ್ಲಬೇಕಾದ ಅಂಕಿ ಒಂದೇ ಸಮ ಕುಣಿಯುತ್ತಿತ್ತು. ಕೇಬಲ್ ತುದಿಯ ಪಿನ್ ಕಪ್ಪಾಗಿತ್ತು. ಹಿಡಿತ ಸಡಿಲವಾದ ಪಿನ್ ಕೂಡ ಬಿಸಿಗೆ ಕಾರಣ, ಅದನ್ನು ಯಾರೂ ನೋಡುವುದಿಲ್ಲ.

ಆಮೇಲೆ ಅಂಗಡಿಯವರು ಅಪ್ಪನನ್ನು ಕೂರಿಸಿಕೊಂಡು ಫೋನ್ ಎಲ್ಲಿಡುತ್ತೀರಿ, ಎಲ್ಲಿ ಚಾರ್ಜ್ ಮಾಡುತ್ತೀರಿ ಅಂತ ವಿಚಾರಿಸಿದರು. ಗುಬ್ಬಿ ಕಡೆ ನಮ್ಮ ತೋಟ. ಅಪ್ಪ ಚಾರ್ಜ್ ಹಾಕುವುದು ಮೋಟರ್ ಮನೆಯಲ್ಲಿ, ತಗಡಿನ ಶೀಟಿನ ಕೆಳಗೆ. ಏಪ್ರಿಲ್ ಮಧ್ಯಾಹ್ನ ಅಲ್ಲಿ ನಿಲ್ಲುವುದಕ್ಕೇ ಆಗಲ್ಲ. ಐಫೋನ್‌ ಬಳಸಲು ಸುತ್ತಲಿನ ಬಿಸಿ 35 ಡಿಗ್ರಿ ದಾಟಬಾರದು ಅಂತ ಆಪಲ್ ಕಂಪನಿಯೇ ಹೇಳುತ್ತೆ, ಉಳಿದ ಫೋನುಗಳ ಬ್ಯಾಟರಿಯೂ ಇದೇ ಲಿಥಿಯಂ ಜಾತಿಯದೇ. ಜೊತೆಗೆ ತೋಟದಲ್ಲಿ ಸಿಗ್ನಲ್ ಕಡಿಮೆ, ಟವರ್ ಹಿಡಿಯಲು ಫೋನ್ ಜಾಸ್ತಿ ಶಕ್ತಿ ಹಾಕಿ ಇನ್ನೂ ಬಿಸಿಯಾಗುತ್ತೆ. ಚಾರ್ಜನ್ನು ಮನೆಯೊಳಗೆ, ತಂಪು ಹೊತ್ತಲ್ಲಿ ಹಾಕಿ, ದಿಂಬಿನ ಕೆಳಗೆ ಮಾತ್ರ ಬೇಡ ಅಂದರು. ವಿಡಿಯೋ ಕಾಲ್ ಮಾಡುವಾಗ ಸ್ವಲ್ಪ ಬೆಚ್ಚಗಾದರೆ ಗಾಬರಿ ಬೇಡ, ಸುಮ್ನೆ ಇಟ್ಟಿದ್ದಾಗಲೂ ಕೈ ಸುಡುತ್ತಿದ್ದರೆ ಬನ್ನಿ ಅಂತಲೂ ಹೇಳಿದರು. ಇಷ್ಟು ತಾಳ್ಮೆಯಿಂದ ಹಳ್ಳಿಯ ವಯಸ್ಸಾದವರ ಜೊತೆ ಮಾತಾಡುವವರು ಎಷ್ಟು ಜನ ಇದ್ದಾರೆ ಹೇಳಿ.

ಹಳೇ ಬ್ಯಾಟರಿಯನ್ನು ಕಸದ ಬುಟ್ಟಿಗೆ ಎಸೆಯಲಿಲ್ಲ. ಮರಳು ತುಂಬಿದ ಡಬ್ಬಿಗೆ ಹಾಕಿದರು, ಇ-ತ್ಯಾಜ್ಯದವರಿಗೆ ಕೊಡುತ್ತಾರಂತೆ.

ಕೊರತೆಯೂ ಇದೆ. ಕೇಳದಿದ್ದರೆ ಬಿಲ್ ಕೊಡುವುದಿಲ್ಲ, ಇದು ಬದಲಾಗಲೇಬೇಕು. ಬ್ಯಾಟರಿ ಬೆಂಗಳೂರಿನಿಂದ ತರಿಸಬೇಕಾಗಿದ್ದರಿಂದ ಫೋನ್ ಬಿಟ್ಟು ಬಂದು ಮಾರನೇ ದಿನ ಮತ್ತೆ ಹೋಗಬೇಕಾಯಿತು. ಗ್ಯಾರಂಟಿ ಮೂರೇ ತಿಂಗಳು. ರೇಟು ಪಕ್ಕದ ಅಂಗಡಿಗಳಿಗಿಂತ ಸ್ವಲ್ಪ ಜಾಸ್ತಿ, ಕೊಟ್ಟಿದ್ದಕ್ಕೆ ನನಗೆ ಬೇಜಾರಿಲ್ಲ. ಸಂಜೆ ಗಾಡಿ ನಿಲ್ಲಿಸಲು ಜಾಗ ಸಿಗುವುದಿಲ್ಲ, ಬೆಳಗ್ಗೆಯೇ ಹೋಗಿ.